ನೀಲಿ ಚೀಟಿ, ಹಸಿರು ಚೀಟಿ

ಕನಕಪುರ
6 ಆಗಸ್ಟ್ 2008

ಪೂಜ್ಯ ಮೇಷ್ಟ್ರಿಗೆ ಲತಾಮಣಿಯ ನಮಸ್ಕಾರಗಳು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ತಲೆಗೆ ಹೋಗುತ್ತದೆ ಎಂದು ಮಾಗಡಿಯ ನಿಮ್ಮ ಇನ್‌ಸ್ಟಿಟ್ಯೂಟಿನಲ್ಲಿ ನಮಗೆಲ್ಲ ಹೇಳುತ್ತಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನೀಗ ಜಬ್ಬಾರ್ ಸಾಹೇಬರ ಗ್ರಾನೈಟ್ ಕಾರ್ಖಾನೆಯಲ್ಲಿ ಡ್ರಾಯಿಂಗ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಸೇರಿ ಏಳು ತಿಂಗಳಾಯಿತು. ಮೊದಲೆಲ್ಲ ಇಲ್ಲಿ ಚಪ್ಪಡಿ ಕೊಯ್ದು ಕಳಿಸುವುದಷ್ಟೇ ಇತ್ತಂತೆ. ಈಗ ಬಿಡದಿ ಕಡೆ, ಹಾರೋಹಳ್ಳಿ ಕಡೆ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದೆ. ಬಿಡದಿಯ ಒಂದು ಹೊಸ ಫ್ಯಾಕ್ಟರಿಯವರು ಮುಂಬಾಗಿಲಿಗೆ ಕೆತ್ತನೆಯ ನಾಲ್ಕು ಕಂಬ ಕೇಳಿದ್ದಾರೆ. ಒಂದೊಂದು ಹನ್ನೊಂದು ಅಡಿ. ತುದಿಯಲ್ಲಿ ತಾವರೆ, ಅದರ ದಳಗಳು ಸುತ್ತಿಕೊಳ್ಳುತ್ತಾ ಬುಡದ ತನಕ ಇಳಿಯುತ್ತವೆ. ವಿನ್ಯಾಸ ನನ್ನದು. ಇದನ್ನು ಬರೆಯುವಾಗ ಸ್ವಲ್ಪ ಜಂಬ ಬಂತು, ಕ್ಷಮಿಸಿ.

ಕೆತ್ತುವವರು ಬೋರಲಿಂಗಯ್ಯನವರು. ನಲವತ್ತು ವರ್ಷ ಉಳಿ ಹಿಡಿದ ಕೈ. ನಾನು ಕಂಬದ ಮುಂಭಾಗ, ಪಕ್ಕದ ಭಾಗ ಎರಡನ್ನೂ ಕಾಗದದ ಮೇಲೆ ಬರೆದು ಕೊಟ್ಟಿದ್ದೆ. ಒಳಕ್ಕೆ ಮಡಚಬೇಕಾದ ದಳ ಹೊರಕ್ಕೆ ಬಂದಿದೆ ಎಂದು ತಿಳಿಯುವಷ್ಟರಲ್ಲಿ ಕಲ್ಲು ಹೋಗಿಯಾಗಿತ್ತು. ಕಡಿದ ಕಲ್ಲನ್ನು ಬೆಸೆಯಲಾಗುವುದಿಲ್ಲ. ಆ ಕಂಬ ಈಗ ಶೆಡ್ಡಿನ ಮುಂದೆ ಮಲಗಿದೆ. ಊಟದ ಹೊತ್ತಿಗೆ ಎಲ್ಲರೂ ಅದರ ಮೇಲೆ ಕೂರುತ್ತಾರೆ.

ಈಗ ಅದೇ ಕಂಬವನ್ನು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ತ್ರೀಡಿಯಲ್ಲಿ ಬರೆದಿದ್ದೇನೆ. ಸುತ್ತಲೂ ತಿರುಗಿಸಿ ನೋಡಬಹುದು. ಆದರೆ ಅದನ್ನು ಹೊತ್ತುಕೊಂಡು ಶೆಡ್ಡಿಗೆ ಹೋಗುವುದು ಹೇಗೆ? ಕರೆಂಟಿನ ಗತಿಯೂ ನಿಮಗೆ ಗೊತ್ತು. ಸಾಹೇಬರು ಒಂದು ಲ್ಯಾಪ್‌ಟಾಪ್ ಕೊಳ್ಳಲು ಒಪ್ಪಿದ್ದಾರೆ. ನನ್ನ ಜೊತೆ ನಿಮ್ಮಲ್ಲಿ ಕಲಿತ ಅಶ್ವಥ್ ರಾಮನಗರದಲ್ಲಿ ಅಂಗಡಿ ಇಟ್ಟಿದ್ದಾನಲ್ಲ, ಅವನು ಎರಡರ ಹೆಸರು ಹೇಳಿದ್ದಾನೆ. ಬೆಲೆ ಹೆಚ್ಚುಕಡಿಮೆ ಒಂದೇ. ಒಳಗಿರುವ ಪ್ರೊಸೆಸರ್ ಮಾತ್ರ ಬೇರೆ ಬೇರೆ ಕಂಪನಿಯದು. ಒಂದಕ್ಕೆ ನೀಲಿ ಚೀಟಿ ಅಂಟಿಸಿರುತ್ತಾರೆ, ಇನ್ನೊಂದಕ್ಕೆ ಹಸಿರು. ಇಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರಾಗಿದೆ. ಎರಡರಲ್ಲೂ ಚಿತ್ರಕ್ಕೆಂದು ಬೇರೆ ಕಾರ್ಡು ಇಲ್ಲ, ಗ್ರಾಫಿಕ್ಸ್ ಒಳಗೇ ಸೇರಿದೆ.

"ನಿಮ್ ಮೇಷ್ಟ್ರನ್ನ ಕೇಳಮ್ಮ. ಅವ್ರು ಒಂದ್ ಮಾತು ಹೇಳಿದ್ರೆ ನಂಗೆ ಬೇರೆ ಗ್ಯಾರಂಟಿ ಬ್ಯಾಡ" ಎಂದರು ಸಾಹೇಬರು. ಯಾವುದನ್ನು ಕೊಳ್ಳೋಣ?

ನಿಮ್ಮ ವಿದ್ಯಾರ್ಥಿನಿ,
ಲತಾಮಣಿ


ಮಾಗಡಿ
11 ಆಗಸ್ಟ್ 2008

ಚಿ. ಲತಾಮಣಿಗೆ ಪುಟ್ಟಲಿಂಗಯ್ಯನ ಆಶೀರ್ವಾದ.

ನಿನ್ನ ಕಾಗದವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. 'ವಿನ್ಯಾಸ ನನ್ನದು' ಎಂಬ ಸಾಲನ್ನು ಎರಡು ಸಲ ಓದಿದೆ. ಸೋಲೂರಿನಿಂದ ಬೆಳಗಿನ ಬಸ್ಸಿನಲ್ಲಿ ಹಾಲಿನ ಕ್ಯಾನುಗಳ ಮಧ್ಯೆ ನಿಂತುಕೊಂಡು ಬರುತ್ತಿದ್ದವಳು ನೀನು. ಜಂಬಕ್ಕೆ ಕ್ಷಮೆ ಕೇಳಬೇಡ. ನಿನಗಿಂತ ನನಗೇ ಅದು ಹೆಚ್ಚಾಗಿದೆ.

ಇನ್ನು ನಿನ್ನ ಪ್ರಶ್ನೆ. ಇದಕ್ಕೆ ಇಷ್ಟು ಯೋಚಿಸಬೇಕಾಗಿಯೇ ಇರಲಿಲ್ಲ. ನೀಲಿ ಚೀಟಿಯದನ್ನು ತೆಗೆದುಕೊಳ್ಳಿ. ಬೋರ್ಡಿನ ಮೇಲೆ ನಾನು ಬರೆಸುತ್ತಿದ್ದದ್ದು ನೆನಪಿದೆಯಲ್ಲ? ಪ್ರೊಸೆಸರಿನ ವೇಗವೇ ಕಂಪ್ಯೂಟರಿನ ಯೋಗ್ಯತೆ. ನೀಲಿಯದರ ವೇಗ ಹೆಚ್ಚು. ಪತ್ರಿಕೆಗಳಲ್ಲಿ ಕೊಟ್ಟಿರುವ ಅಂಕಿಗಳನ್ನೆಲ್ಲ ನೋಡಿದ್ದೇನೆ. ಒಳಗೇ ಸೇರಿದ ಗ್ರಾಫಿಕ್ಸ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಅದು ತನ್ನದೇ ಮೆಮೊರಿ ಇಲ್ಲದೆ ಕಂಪ್ಯೂಟರಿನ ರ್‍ಯಾಮಿನಲ್ಲೇ ಪಾಲು ಕೇಳಿಕೊಂಡು ಬದುಕುವ ವಸ್ತು. ಯಾವ ಕಂಪನಿಯದಾದರೂ ಅಷ್ಟೇ.

ನಮ್ಮ ಮನೆಯವರು ಕುರಿ ಮೇಯಿಸಿಕೊಂಡಿದ್ದ ಕಾಲದಲ್ಲಿ ನಾನು ಮಾಗಡಿಗೆ ಕಂಪ್ಯೂಟರ್ ತಂದು ಇಟ್ಟವನು. ಜನ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ಅಂದಿನಿಂದ ಇಂದಿನವರೆಗೆ ಪ್ರೊಸೆಸರಿನ ವಿಷಯದಲ್ಲಿ ನನ್ನ ಮಾತು ಹುಸಿ ಹೋಗಿಲ್ಲ. ಜಬ್ಬಾರ್ ಸಾಹೇಬರಿಗೆ ಹಾಗೆಂದೇ ಹೇಳು.

ಮನೆಯಲ್ಲಿ ಭದ್ರಮ್ಮ ಕೇಳಿದಳು, ನೀನು ಊಟಕ್ಕೆ ಏನು ಮಾಡಿಕೊಳ್ಳುತ್ತೀಯೆ ಎಂದು. ಅದನ್ನೂ ಬರೆ.

ಪುಟ್ಟಲಿಂಗಯ್ಯ


ಕನಕಪುರ
19 ಆಗಸ್ಟ್ 2008

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದ ಬಂತು. ಶನಿವಾರ ಅಶ್ವಥ್ ಎರಡು ಲ್ಯಾಪ್‌ಟಾಪನ್ನೂ ಕಾರ್ಖಾನೆಗೇ ತಂದು ತೋರಿಸಿದ. ಸಾಹೇಬರೂ ಬೋರಲಿಂಗಯ್ಯನವರೂ ನೋಡಿದರು. ಇನ್ನೂ ಕೊಂಡಿಲ್ಲ.

ಒಂದು ಮಾತು ಕೇಳಬೇಕೆನ್ನಿಸಿತು. ನೀವು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದೀರಾ? ನೋಡಿಯೇ ಇರುತ್ತೀರಿ. ಸುಮ್ಮನೆ ಕೇಳಿದೆ.

ಭದ್ರಮ್ಮನವರಿಗೆ ಹೇಳಿ, ಇಲ್ಲಿ ನಮ್ಮ ಮನೆಯೊಡತಿ ದೊಡ್ಡಲಕ್ಷ್ಮಮ್ಮನವರು ದಿನಾ ರಾತ್ರಿ ಮುದ್ದೆ ಸಾರು ಕೊಡುತ್ತಾರೆ. ಮೈ ಬಂದಿದೆ.

ಲತಾಮಣಿ


ಮಾಗಡಿ
25 ಆಗಸ್ಟ್ 2008

ಚಿ. ಲತಾಮಣಿಗೆ,

ಇನ್ನೂ ಕೊಂಡಿಲ್ಲವೆಂದರೆ ಸಾಹೇಬರು ಬೆಲೆ ಇಳಿಸಲು ಕಾಯುತ್ತಿರಬೇಕು. ವ್ಯಾಪಾರಸ್ಥರ ಬುದ್ಧಿ. ನಾನು ಅಶ್ವಥನಿಗೆ ಫೋನ್ ಮಾಡಿ, ನೀಲಿ ಚೀಟಿಯದನ್ನು ಕನಕಪುರಕ್ಕೆಂದು ತೆಗೆದಿಡು ಎಂದು ಹೇಳಿಬಿಟ್ಟಿದ್ದೇನೆ. ಫೋನಿನಲ್ಲಿ ಅವನು ಏನೋ ತೊದಲಿದ. ಅವನು ಮೊದಲಿನಿಂದಲೂ ಹಾಗೇ.

ಕ್ಲಾಸಿನಲ್ಲಿ ನಿನ್ನ ಕಂಬದ್ದೇ ಮಾತು. ಹೊಸ ಬ್ಯಾಚಿನ ಸಿಂಧು ಎಂಬ ಹುಡುಗಿ, 'ಲತಾಮಣಿ ಅಕ್ಕ ಇಲ್ಲಿ ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಸಾರ್?' ಎಂದು ಕೇಳಿದಳು. ತೋರಿಸಿದೆ.

ಗೌರಿ ಹಬ್ಬಕ್ಕೆ ಊರಿಗೆ ಬಂದರೆ ಬಾಗಿಲಲ್ಲೇ ಹಿಂದಿರುಗದೆ ಮನೆಯೊಳಕ್ಕೆ ಬಾ.

ಪುಟ್ಟಲಿಂಗಯ್ಯ


ಕನಕಪುರ
1 ಸೆಪ್ಟೆಂಬರ್ 2008

ಪೂಜ್ಯ ಮೇಷ್ಟ್ರಿಗೆ,

ಹಬ್ಬಕ್ಕೆ ಬರುವುದಿಲ್ಲ. ನಿಮ್ಮ ಮುಂದೆ ನಿಂತು ಹೇಳುವ ಧೈರ್ಯವಿಲ್ಲದ್ದನ್ನು ಬರೆದು ಹೇಳುತ್ತೇನೆ. ಹೋದ ಕಾಗದದಲ್ಲೇ ಹೇಳಬೇಕಾಗಿತ್ತು.

ಮೊದಲನೆಯದಾಗಿ, ಕಂಬ ಹಾಳಾದ ದಿನ ನಡೆದದ್ದನ್ನು ನಾನು ನಿಮಗೆ ಪೂರ್ತಿ ತಿಳಿಸಿರಲಿಲ್ಲ. ಬೋರಲಿಂಗಯ್ಯನವರು ಎಲ್ಲರ ಎದುರಿಗೆ ನನ್ನ ಡ್ರಾಯಿಂಗನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಕಾಗ್ದುದ್ ಮೇಲೆ ಕಂಬ ನಿಲ್ಲಕಿಲ್ಲ ಕಣವ್ವ" ಎಂದರು. ಇನ್ನೊಂದು ಕಲ್ಲು ಹೋದರೆ ಡ್ರಾಯಿಂಗ್ ಕೆಲಸವನ್ನು ಬೆಂಗಳೂರಿನವರಿಗೆ ಕೊಡುತ್ತೇನೆ, ನೀನು ಆಫೀಸಿನಲ್ಲಿ ಫೋನ್ ಎತ್ತಿಕೊಂಡಿರು ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಅವರು ಗದರಿಸಿದ್ದರೆ ವಾಸಿಯಿತ್ತು.

ಎರಡನೆಯದು ಆ ಶನಿವಾರದ್ದು. ಎರಡು ಲ್ಯಾಪ್‌ಟಾಪನ್ನೂ ಮಲಗಿದ್ದ ಆ ಕಂಬದ ಮೇಲೆಯೇ ಇಟ್ಟೆವು. ಎರಡಕ್ಕೂ ನನ್ನ ಡ್ರಾಯಿಂಗನ್ನು ಹಾಕಿದೆ. ನೀವು ಹೇಳಿದ ಹಾಗೆ ನೀಲಿಯದು ಮೊದಲು ತೆರೆಯಿತು. ಅಶ್ವಥನಿಗೆ ಖುಷಿ. "ನೋಡಿ ಸಾರ್, ಎಷ್ಟ್ ಬೇಗ ಓಪನ್ ಆಯ್ತು" ಎಂದು ಸಾಹೇಬರಿಗೆ ತೋರಿಸಿದ. ನಾನು ಕಂಬವನ್ನು ತಿರುಗಿಸಿದೆ. ಚಿತ್ರ ತಡವರಿಸಿತು. ದಳ ಮಡಚಿಕೊಳ್ಳುವ ಜಾಗಕ್ಕೆ ಬಂದಾಗ ನೆಗೆದು ಆಚೆ ಕಡೆಗೆ ಹೋಯಿತು. ಬೋರಲಿಂಗಯ್ಯನವರು ಬಗ್ಗಿ ನೋಡುತ್ತಿದ್ದರು.

"ಇದ್ಯಾಕವ್ವ ಹಿಂಗ್ ಎಗರ್ತದೆ? ದಳ ಒಳೀಕ್ ಹೋಗೋ ಜಾಗ ಎಲ್ಲೋಯ್ತು?"

"ಅದು ಸಣ್ ವಿಷ್ಯ ಯಜಮಾನ್ರೇ, ಸ್ಪೀಡ್ ನೋಡಿ" ಎಂದ ಅಶ್ವಥ್.

"ಬಾಗ್ಲು ಬಿರ್ನೆ ತೆಗುದ್ರೆ ಆಯ್ತೇನಪ್ಪ? ಒಳಗಿರಾದು ಕಾಣ್‌ಬ್ಯಾಡ್ವ?"

ಹಸಿರಿನದು ತೆರೆಯಲು ತಡ ಮಾಡಿತು. ಸಾಹೇಬರು ಗಡಿಯಾರ ನೋಡಿಕೊಂಡರು. ತೆರೆದ ಮೇಲೆ ತಿರುಗಿಸಿದೆ. ಎಣ್ಣೆ ಹಾಕಿದ ಗಾಲಿಯ ಹಾಗೆ ತಿರುಗಿತು. ಬೋರಲಿಂಗಯ್ಯನವರು "ಒಸಿ ನಿಧಾನ" ಎಂದರು. ನಿಧಾನ ಮಾಡಿದೆ. "ಇನ್ನೊಂದ್ ಸುತ್ತು" ಎಂದರು. ಅವರ ಬಲಗೈ ಮೇಲೆದ್ದಿತು. ಹೆಬ್ಬೆರಳು ಗಾಳಿಯಲ್ಲೇ ದಳದ ಅಂಚನ್ನು ಹಿಡಿದು ಇಳಿಯಿತು, ಒಳಕ್ಕೆ ಬಾಗಿತು, ಹಿಂದಕ್ಕೆ ಹೋಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಅದನ್ನೇ ಮತ್ತೊಮ್ಮೆ ಮಾಡಿದರು. ಶೆಡ್ಡಿನಲ್ಲಿ ಉಳಿದವರೆಲ್ಲ ಉಳಿ ನಿಲ್ಲಿಸಿ ನೋಡುತ್ತಿದ್ದರು.

"ಇಲ್ಲಿ ಬಗ್ಗಿ ಹಿಂದಕ್ಕೋಯ್ತದೆ. ನಾನು ಮುಂದುಕ್ ಹೊಡ್ದಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ನಿಂದೂ ಅಲ್ಲ, ನಂದೂ ಅಲ್ಲ ಕಣವ್ವ. ಕಾಗ್ದಕ್ಕೆ ಬೆನ್ನಿಲ್ಲ" ಎಂದರು.

ಆಗ ಸಾಹೇಬರು ಕೇಳಿದರು: "ನಿಮ್ ಮೇಷ್ಟ್ರು ಯಾವ್ದು ಅಂದಿದ್ದಾರೆ?"

"ನೀಲಿ ಅಂದಿದ್ದಾರೆ. ನಾನು ಹಸಿರು ಅಂತೀನಿ" ಎಂದೆ.

ಸಾಹೇಬರು ಯೋಚಿಸಲು ಸಮಯ ಕೇಳಿದರು. ನಿಮ್ಮ ಮಾತನ್ನು ಮೀರಿ ಹೋಗಲು ಅವರಿಗೂ ಅಳುಕಿದೆ. ಈ ಕಾಗದದ ಜೊತೆ ಒಂದು ಸಿಡಿ ಇಟ್ಟಿದ್ದೇನೆ. ಕಂಬವೂ, ಅದನ್ನು ತೆರೆಯುವ ಸಾಫ್ಟ್‌ವೇರೂ ಅದರಲ್ಲಿವೆ. ನೋಡಿ ಮೇಷ್ಟ್ರೇ.

ಲತಾಮಣಿ


ಮಾಗಡಿ
2 ಸೆಪ್ಟೆಂಬರ್ 2008

ಲತಾಮಣಿಗೆ,

ನಿನ್ನೆ ಅಶ್ವಥ್ ಇಲ್ಲಿಗೆ ಬಂದಿದ್ದ. ಸಾಹೇಬರ ಎದುರಿಗೆ, ಕೆಲಸದವರ ಎದುರಿಗೆ ನೀನು ನನ್ನ ಮಾತನ್ನು ತಳ್ಳಿಹಾಕಿದೆಯಂತೆ. ಎರಡು ವಾರದ ಹಿಂದಿನ ಸಂಗತಿ. ಅದಾದ ಮೇಲೂ ನನಗೆ ಮುದ್ದೆ ಸಾರಿನ ಸಮಾಚಾರ ಬರೆದೆ. 'ಎರಡನ್ನೂ ಇಟ್ಟು ನೋಡಿದ್ದೀರಾ' ಎಂದು ಕೇಳಿದ್ದು ಯಾಕೆಂದು ಈಗ ತಿಳಿಯಿತು.

ಕಲಿತಿದ್ದೀಯೆ. ಇನ್ನು ನನ್ನನ್ನು ಕೇಳಬೇಕಾದ ಅಗತ್ಯವಿಲ್ಲ.

ಪುಟ್ಟಲಿಂಗಯ್ಯ


ಕನಕಪುರ
18 ಸೆಪ್ಟೆಂಬರ್ 2008

ಪೂಜ್ಯ ಮೇಷ್ಟ್ರಿಗೆ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. ನನ್ನದು ನಿಮಗೆ ತಲುಪಿ ಎರಡು ವಾರವಾದರೂ ಆಗಿರಬೇಕು. ಉತ್ತರವಿಲ್ಲ. ನಿಮಗೆ ಎಷ್ಟು ನೋವಾಗಿದೆ ಎಂದು ಅದರಿಂದಲೇ ತಿಳಿದುಕೊಂಡೆ.

ಹಸಿರು ಚೀಟಿಯದು ಬಂದಿದೆ. ಹೋದ ಸೋಮವಾರ ಮೊದಲ ಕಂಬಕ್ಕೆ ಉಳಿ ಇಟ್ಟರು. ಲ್ಯಾಪ್‌ಟಾಪನ್ನು ಕಲ್ಲಿನ ಪಕ್ಕದಲ್ಲಿ ಇಟ್ಟುಕೊಂಡು, ಅವರು ಕೇಳಿದಾಗಲೆಲ್ಲ ನಾನು ತಿರುಗಿಸುತ್ತೇನೆ. ಕರೆಂಟು ಹೋದಾಗ ಬ್ಯಾಟರಿ ಸಾಲುವುದಿಲ್ಲ. ಅದೊಂದು ಚಿಂತೆ ಇದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಎರಡು ವಾರ ಹೇಳದೆ ಇದ್ದದ್ದು ನನ್ನ ತಪ್ಪು. ಅದಕ್ಕೆ ಕ್ಷಮಿಸಿ. ಆದರೆ ಹೇಳಿದ ಮಾತಿಗೆ ಕ್ಷಮೆ ಕೇಳಲಾರೆ ಮೇಷ್ಟ್ರೇ. ಕಣ್ಣಿಂದ ಕಂಡದ್ದನ್ನೇ ರೆಕಾರ್ಡಿನಲ್ಲಿ ಬರೆಯಬೇಕು ಎಂದು ಕಲಿಸಿದವರು ನೀವು. ಕಂಡದ್ದನ್ನು ಹೇಳಿದೆ.

ಲತಾಮಣಿ


ಮಾಗಡಿ
29 ಸೆಪ್ಟೆಂಬರ್ 2008

ಚಿ. ಲತಾಮಣಿಗೆ,

ಈ ಕಾಗದ ಉದ್ದವಾಗುತ್ತದೆ. ಪುರುಸೊತ್ತು ಮಾಡಿಕೊಂಡು ಓದು.

ನಿನ್ನ ಸಿಡಿ ಐದನೆಯ ತಾರೀಕು ಬಂತು. ಅದನ್ನು ಕ್ಲಾಸಿನಲ್ಲೇ ಹಾಕಿದೆ. ನಿನ್ನ ಮೇಲಿನ ಸಿಟ್ಟಿಗೇ ಹಾಗೆ ಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಎಲ್ಲರ ಮುಂದೆ ತೆರೆದು, ನೋಡಿ ಇದರಲ್ಲಿ ಅಂಥದ್ದೇನಿದೆ ಎಂದು ತೋರಿಸಬೇಕೆಂದಿದ್ದೆ. ನನ್ನ ಕಂಪ್ಯೂಟರ್ ಕಾಲು ಗಂಟೆ ಗುರುಗುಟ್ಟಿ ನಿಂತೇ ಹೋಯಿತು. ಪಕ್ಕದ್ದರಲ್ಲಿ ಹಾಕಿದೆ. ಅದೂ ನಿಂತಿತು. ಇಲ್ಲಿರುವ ಆರರಲ್ಲಿ ಒಂದಕ್ಕೂ ನಿನ್ನ ಕಂಬವನ್ನು ಎತ್ತಿ ನಿಲ್ಲಿಸಲಾಗಲಿಲ್ಲ. ಹುಡುಗರು ನನ್ನ ಮುಖ ನೋಡುತ್ತಿದ್ದರು. ಇವತ್ತಿಗೆ ಸಾಕು ಎಂದು ಕಳಿಸಿಬಿಟ್ಟೆ.

ಮನೆಗೆ ಬಂದು ಭದ್ರಮ್ಮನ ಮುಂದೆ ನಿನ್ನನ್ನು ಬೈದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಆ ಮಗ ಕೇಳುದ್ರಲ್ಲಿ ಏನ್ ತಪ್ಪೈತೆ? ನೀವು ಎಲ್ಡ್ನೂ ಇಟ್ಟು ನೋಡಿದ್ರೋ ಇಲ್ವೋ, ಅಷ್ಟ್ ಹೇಳಿ."

ನೋಡಿರಲಿಲ್ಲ, ಲತಾಮಣಿ. ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಪತ್ರಿಕೆಯ ಅಂಕಿಗಳನ್ನು ನೋಡಿ ನಿನಗೆ ತೀರ್ಪು ಬರೆದಿದ್ದೆ. ಮಾಗಡಿಗೆ ಕಂಪ್ಯೂಟರ್ ತಂದವನು ಎಂಬ ಒಂದೇ ಮಾತನ್ನು ಹದಿನಾಲ್ಕು ವರ್ಷದಿಂದ ಹೊದ್ದುಕೊಂಡಿದ್ದೇನೆ. ಈ ಮಾತನ್ನು ಬರೆಯಲು ನನಗೆ ಮೂರು ವಾರ ಹಿಡಿಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಕಾರಣ ನೋವು ಎಂದು ನೀನು ತಿಳಿದೆ. ಅದು ನಾಚಿಕೆ.

ಹೋದ ಗುರುವಾರ ಸಿಡಿಯನ್ನು ಜೇಬಿನಲ್ಲಿ ಇಟ್ಟುಕೊಂಡು ರಾಮನಗರದ ಬಸ್ಸು ಹತ್ತಿದೆ. ಅಶ್ವಥನ ಅಂಗಡಿಗೆ ಹೋಗಿ, ಎರಡನ್ನೂ ಇಡಪ್ಪ, ನನಗೆ ಯಾವುದನ್ನೂ ಮಾರಬೇಡ ಎಂದೆ. ಬೆಳಗ್ಗೆ ಹತ್ತೂವರೆಯಿಂದ ಅಂಗಡಿ ಬಾಗಿಲು ಹಾಕುವ ತನಕ ಕೂತೆ. ನಿನ್ನ ಕಂಬವನ್ನು ಕಣ್ತುಂಬ ನೋಡಿದ್ದು ಆಗಲೇ. ಮೊದಲ ಅರ್ಧ ಗಂಟೆ ಯಂತ್ರವನ್ನು ಪರೀಕ್ಷೆ ಮಾಡುವುದು ಮರೆತೇಹೋಯಿತು. "ಏನ್ ಸಾರ್ ಸುಮ್ನೆ ಕೂತ್‌ಬುಟ್ರಿ?" ಎಂದ ಅಶ್ವಥ್. ಇನ್ನೊಂದು ಸುತ್ತು ತಿರುಗಿಸಪ್ಪ ಎಂದೆ.

ಕಂಡದ್ದನ್ನು ಬರೆಯುತ್ತೇನೆ. ಚಿತ್ರ ತಿರುಗಿಸುವುದರಲ್ಲಿ ಹಸಿರಿನದರ ಸಮಕ್ಕೆ ನೀಲಿಯದು ಬರುವುದಿಲ್ಲ. ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಸೇರಿದ್ದರೂ, ರ್‍ಯಾಮಿನಲ್ಲೇ ಪಾಲು ಪಡೆದರೂ, ಒಳಗೆ ಸೇರಿದ್ದೆಲ್ಲ ಒಂದೇ ಅಲ್ಲ. ನಾನು ತಪ್ಪು ಹೇಳಿದ್ದೆ. ನೀನು ಸರಿ. ಆದರೆ ನೀಲಿಯದನ್ನೂ ತೆಗೆದುಹಾಕಬೇಡ. ಕಂಬವನ್ನು ಪರದೆಯಲ್ಲೇ ಅಡ್ಡಡ್ಡ ಸೀಳಿ ಅಳತೆ ತೆಗೆಯುವ ಲೆಕ್ಕವನ್ನು ಅದು ಬೇಗ ಮುಗಿಸಿತು. ಬ್ಯಾಟರಿಯೂ ಮುಕ್ಕಾಲು ಗಂಟೆ ಹೆಚ್ಚಿಗೆ ಬಂತು. ಲೆಕ್ಕವೇ ಮುಖ್ಯವಾದವರಿಗೆ ನಾನು ಇವತ್ತೂ ಅದನ್ನೇ ಹೇಳುತ್ತೇನೆ. ನಿಮಗೆ ಬೇಕಾದದ್ದು ಕಣ್ಣು.

ನಿನ್ನ ಬ್ಯಾಟರಿಯ ಚಿಂತೆಗೆ ಎರಡು ಮಾತು. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸು, ಶೆಡ್ಡಿನ ನೆರಳಿನಲ್ಲಿ ಅಷ್ಟು ಸಾಕು. ಅಳತೆಗಳನ್ನೆಲ್ಲ ಬೆಳಗ್ಗೆ ಕರೆಂಟು ಇರುವಾಗಲೇ ತೆಗೆದಿಟ್ಟುಕೊಂಡು, ಬ್ಯಾಟರಿಯನ್ನು ಬರೀ ತಿರುಗಿಸಿ ತೋರಿಸುವುದಕ್ಕೆ ಉಳಿಸಿಕೋ. ಹಸಿರಿನದು ಬೇಗ ಬಿಸಿಯಾಗುತ್ತದೆ. ಅಡಿಯಲ್ಲಿ ಪಾಲಿಶ್ ಮಾಡಿದ ಗ್ರಾನೈಟ್ ತುಂಡೊಂದನ್ನು ಇಡು, ನಿಮ್ಮಲ್ಲಿ ಅದಕ್ಕೇನು ಬರವೇ? ಗಾಳಿಯ ಕಿಂಡಿ ಮುಚ್ಚದ ಹಾಗೆ ನೋಡಿಕೋ.

ಬೋರ್ಡಿನ ಮೇಲಿನ 'ವೇಗವೇ ಯೋಗ್ಯತೆ' ಎಂಬ ನನ್ನ ಸಾಲನ್ನು ಅಳಿಸಿದ್ದೇನೆ. ಯಾಕೆ ಅಳಿಸಿದೆ ಎಂದು ಹುಡುಗರಿಗೆ ಹೇಳಿದ್ದೇನೆ. ಯಾರು ಅಳಿಸುವಂತೆ ಮಾಡಿದರು ಎಂದೂ ಹೇಳಿದ್ದೇನೆ.

ಪುಟ್ಟಲಿಂಗಯ್ಯ


ಕನಕಪುರ
24 ಅಕ್ಟೋಬರ್ 2008

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದ ಬಂದ ದಿನ ಕೆಲಸ ಮಾಡಲಾಗಲಿಲ್ಲ. ದೊಡ್ಡಲಕ್ಷ್ಮಮ್ಮನವರು, "ಯಾರ್‌ಗಾದ್ರೂ ಮೈ ಸರಿ ಇಲ್ವೇನವ್ವ?" ಎಂದು ಕೇಳಿದರು. ಇಲ್ಲ, ನಮ್ಮ ಮೇಷ್ಟ್ರು ಬರೆದಿದ್ದಾರೆ ಎಂದೆ.

ಬೆಳಕು ಇಳಿಸಿದ ಮೇಲೆ ಬ್ಯಾಟರಿ ಅರ್ಧ ಗಂಟೆ ಹೆಚ್ಚಿಗೆ ಬರುತ್ತಿದೆ. ಗ್ರಾನೈಟ್ ತುಂಡನ್ನು ಬೋರಲಿಂಗಯ್ಯನವರೇ ಅಳತೆ ನೋಡಿ ಮಾಡಿಕೊಟ್ಟರು.

ಎರಡು ಕಂಬ ಮುಗಿದಿವೆ. ಮೊನ್ನೆ ಬಿಡದಿಯ ಫ್ಯಾಕ್ಟರಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಕಂಬದ ಸುತ್ತ ಎರಡು ಸಲ ಬಂದರು. ದಳ ಒಳಕ್ಕೆ ಮಡಚುವ ಜಾಗಕ್ಕೆ ಕೈ ಹಾಕಿ ತಡವಿದರು. ಇದರ ಡ್ರಾಯಿಂಗ್ ಬೆಂಗಳೂರಿನಲ್ಲಿ ಮಾಡಿಸಿದಿರಾ ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ಬಾಯಿ ತೆರೆಯುವ ಮೊದಲೇ ಬೋರಲಿಂಗಯ್ಯನವರು ಹೇಳಿದರು:

"ಬರ್ದೋಳು ಇವ್ಳು. ಹೊಡ್ದೋನು ನಾನು. ಏನಾರ ಕೇಳಂಗಿದ್ರೆ ಇಬ್ರುನ್ನೂ ಕೇಳಿ."

ಎಂಜಿನಿಯರ್ ನನ್ನ ಕಡೆ ನೋಡಿ ಎಲ್ಲಿ ಕಲಿತದ್ದು ಎಂದರು. ಮಾಗಡಿಯಲ್ಲಿ ಎಂದೆ. ಅವರಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಸಾವನದುರ್ಗ ಗೊತ್ತಿತ್ತು. ಆ ಬೆಟ್ಟ ಕಾಣುವ ಊರು ಎಂದು ಹೇಳಿದೆ.

ಅವರು ಹೋದ ಮೇಲೆ ಮೂರನೆಯ ಕಲ್ಲನ್ನು ಉರುಳಿಸಿ ತಂದರು. ಕಲ್ಲಿನ ಮೇಲೆ ಮೊದಲ ಗೆರೆಯನ್ನು ಯಾವಾಗಲೂ ಬೋರಲಿಂಗಯ್ಯನವರೇ ಎಳೆಯುತ್ತಾರೆ. ಅವರ ಮಗನಿಗೂ ಬಿಟ್ಟುಕೊಟ್ಟಿಲ್ಲ. ಅವರು ಗೆರೆ ಹೊಡೆಯಲು ಕೆಂಪುಮಣ್ಣಿನಲ್ಲಿ ಅದ್ದಿದ ದಾರವನ್ನು ನನ್ನ ಕೈಗೆ ಕೊಟ್ಟು, "ಹಾಕವ್ವ" ಎಂದು ಪಕ್ಕಕ್ಕೆ ಸರಿದು ನಿಂತರು. ದಾರವನ್ನು ಬಿಗಿಯಾಗಿ ಎಳೆದು ಮೀಟಿದೆ. ಗೆರೆ ನೆಟ್ಟಗೆ ಬಂತು.

ಬೆಂಗಳೂರಿನ ಮಾತನ್ನು ಸಾಹೇಬರು ಈಗ ಎತ್ತುವುದಿಲ್ಲ.

ಲತಾಮಣಿ


ಮಾಗಡಿ
1 ನವೆಂಬರ್ 2008

ಚಿ. ಲತಾಮಣಿಗೆ,

ನಿನ್ನ ಕಾಗದವನ್ನು ಈ ಸಲ ಕ್ಲಾಸಿನಲ್ಲಿ ನಾನು ಓದಲಿಲ್ಲ. ಸಿಂಧು ಓದಿದಳು.

ಒಂಬತ್ತನೆಯ ತಾರೀಕು ಭಾನುವಾರ. ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಇಲ್ಲಿ ಒಂದು ಕ್ಲಾಸು ಇಟ್ಟಿದ್ದೇನೆ. ಪ್ರೊಸೆಸರ್ ಮತ್ತು ಒಳಗೇ ಸೇರಿದ ಗ್ರಾಫಿಕ್ಸ್, ಯಾರಿಗೆ ಯಾವುದು, ಯಾಕೆ ಎಂಬುದೇ ಪಾಠ. ಪಾಠ ಮಾಡುವವಳು ನೀನು. ಲ್ಯಾಪ್‌ಟಾಪನ್ನು ಒಂದು ದಿನದ ಮಟ್ಟಿಗೆ ಕೊಟ್ಟು ಕಳಿಸುವುದಾಗಿ ಜಬ್ಬಾರ್ ಸಾಹೇಬರು ಒಪ್ಪಿದ್ದಾರೆ. ನಾನೇ ಫೋನ್ ಮಾಡಿ ಕೇಳಿದೆ. ನೀಲಿ ಚೀಟಿಯದನ್ನು ಅಶ್ವಥ್ ತರುತ್ತಾನೆ. ಬೋರಲಿಂಗಯ್ಯನವರು ಬರುವುದಾದರೆ ನಮ್ಮ ಮನೆಯಲ್ಲೇ ಊಟ. ಭದ್ರಮ್ಮ ಈಗಲೇ ಅಡುಗೆ ಏನೆಂದು ಯೋಚಿಸುತ್ತಿದ್ದಾಳೆ.

ಈ ಬ್ಯಾಚಿನ ಹಾಜರಿ ಪುಸ್ತಕದಲ್ಲಿ ಹದಿನೇಳು ಹೆಸರಿದ್ದವು. ಇವತ್ತು ಹದಿನೆಂಟನೆಯದನ್ನು ಬರೆದೆ. ಅವತ್ತು ಹೆಸರು ಕೂಗುವಾಗ 'ಪುಟ್ಟಲಿಂಗಯ್ಯ' ಎಂದು ಧೈರ್ಯವಾಗಿ ಕೂಗು. ಎದ್ದು ನಿಂತು 'ಹಾಜರ್' ಎನ್ನುತ್ತೇನೆ.

ಪುಟ್ಟಲಿಂಗಯ್ಯ